ಚೆರ್ರಿ ಹೂವಿಗೆ ಕಾಸಿದ ಅಂಟು

ಟಕ್. ಒಂದು ಸಣ್ಣ ಬಿಡುವು. ಮತ್ತೆ ಟಕ್. ಸ್ಟೀಲ್ ಡಬ್ಬಿಯ ಅಂಚಿಗೆ ಚಮಚ ತಾಗುವ ಸದ್ದು. ಯಾರೋ ನಾಲ್ಕು ಜನರ ನಡುವೆ ಸಂಕೋಚದಿಂದ, ಸದ್ದಾಗದಂತೆ ಉಣ್ಣಲು ಪ್ರಯತ್ನಿಸುವಾಗ ಬರುವಂಥದ್ದು. ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು, ರಂಜಾನ್ ನಡೆಯುತ್ತಿದ್ದಾಗ, ಒಂದು ಶುಕ್ರವಾರ ಸಂಜೆ ಆ ಸದ್ದು ನನ್ನ ಬೆನ್ನ ಹಿಂದೆ ನಾಲ್ಕೈದು ಸಲ ಕೇಳಿತು. ನಾನು ತಿರುಗಿ ನೋಡಲಿಲ್ಲ. ಕೈಯಲ್ಲಿ ಕತ್ತರಿ ಇತ್ತು, ಎದುರಿಗೆ ಗುಲಾಬಿ ಬಣ್ಣದ ಕಾಗದದ ರಾಶಿ ಇತ್ತು.

ನನಗೆ ಎಪ್ಪತ್ತಾರು ವರ್ಷ. ತಂಗಿ ವಿಮಲಾ ಮತ್ತು ನಾನು ಸಹಕಾರನಗರದಲ್ಲಿ ಒಟ್ಟಿಗೆ ಇದ್ದೇವೆ. ನಮ್ಮ ಪಾರ್ಕಿನ ಪಕ್ಕದ ಕಮ್ಯುನಿಟಿ ಹಾಲ್‌ನಲ್ಲಿ ವಾರಕ್ಕೆ ಎರಡು ದಿನ ವಯಸ್ಸಾದವರಿಗೆ ಕ್ರಾಫ್ಟ್ ಕ್ಲಾಸ್ ನಡೆಯುತ್ತದೆ. ಕಲಿಸುವವಳು ನಂದಿನಿ. ನನಗೊಬ್ಬ ಮಗಳಿದ್ದರೆ ಅವಳಷ್ಟೇ ವಯಸ್ಸಿರುತ್ತಿತ್ತು. ಮಾರ್ಚ್ ಬಂತೆಂದರೆ ನಮ್ಮ ರಸ್ತೆಗಳಲ್ಲಿ ಎಲೆಯಿಲ್ಲದ ಮರಗಳ ತುಂಬ ಗುಲಾಬಿ ಹೂವು. ಕಾಲೇಜು ಹುಡುಗಿಯರು ಅದರ ಕೆಳಗೆ ನಿಂತು ಫೋಟೋ ತೆಗೆದುಕೊಂಡು ಬೆಂಗಳೂರಿನ ಚೆರ್ರಿ ಬ್ಲಾಸಮ್ ಎನ್ನುತ್ತಾರೆ. “ಇದು ಚೆರ್ರಿ ಅಲ್ಲ. ಈ ಸಲ ನಾವು ನಿಜವಾದ ಚೆರ್ರಿ ಬ್ಲಾಸಮ್ ಮಾಡೋಣ, ಪೇಪರಲ್ಲಿ” ಎಂದಳು ನಂದಿನಿ.

“ಚೆರ್ರಿ ಬ್ಲಾಸಮ್ಮಾ? ಈ ವಯಸ್ಸಲ್ಲಿ ನಮ್ಮ ಕೈಲಿ ಬೂಟ್ ಪಾಲಿಶ್ ಮಾಡಿಸ್ತೀಯೇನಮ್ಮ?” ಎಂದರು ರಂಗಸ್ವಾಮಿ ಮೇಷ್ಟ್ರು. ರಿಟೈರ್ ಆದ ಹೆಡ್‌ಮಾಸ್ಟರ್, ಕ್ಲಾಸಿನಲ್ಲಿದ್ದ ಒಬ್ಬರೇ ಗಂಡಸು. ನಾವೆಲ್ಲ ಶಾಲೆಯ ಹುಡುಗಿಯರ ಹಾಗೆ ನಕ್ಕೆವು.

ಪಾರ್ಕಿನಲ್ಲಿ ಬಿದ್ದಿದ್ದ ಒಂದು ದೊಡ್ಡ ಒಣ ಕೊಂಬೆಯನ್ನು ಸಿಮೆಂಟ್ ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿದರು. ಅದರ ತುಂಬ ಕ್ರೇಪ್ ಪೇಪರಿನ ಹೂವು ಅಂಟಿಸಬೇಕು. ಭಾನುವಾರ ಬೆಳಿಗ್ಗೆ ಎಗ್ಸಿಬಿಷನ್. ನೋಡಲು ಸುಲಭ, ಮಾಡಲು ಅಲ್ಲ. ಕಾಗದದ ಸುಕ್ಕು ಉದ್ದುದ್ದಕ್ಕೆ ಬರುವ ಹಾಗೆ ಕತ್ತರಿಸಬೇಕು. ಪ್ರತಿ ಎಸಳಿನ ತುದಿಗೆ ಒಂದು ಸಣ್ಣ ಕಚ್ಚು ಕೊಡಬೇಕು, ಇಲ್ಲದಿದ್ದರೆ ಅದು ಚೆರ್ರಿ ಅಲ್ಲ. ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಎಸಳಿಗೆ ಬಟ್ಟಲಿನ ಆಕಾರ ತರಬೇಕು. ಐದು ಎಸಳು, ನಡುವೆ ಹಳದಿ ದಾರದ ಕುಚ್ಚು. ಸಂಧಿವಾತದ ಬೆರಳುಗಳಿಗೆ ಇದು ಒಳ್ಳೆಯ ಎಕ್ಸರ್‌ಸೈಜ್ ಎಂದು ನಂದಿನಿಯ ವಾದ.

ತೊಂದರೆ ಬಂದದ್ದು ಅಂಟಿನಲ್ಲಿ. ಅಂಗಡಿಯ ಬಿಳಿ ಗಮ್ ಹಾಕಿದರೆ ತೆಳು ಕಾಗದ ಒದ್ದೆಯಾಗಿ ಬಣ್ಣ ಬಿಡುತ್ತಿತ್ತು, ಒಣಗಿದರೆ ಪ್ಲಾಸ್ಟಿಕ್ಕಿನಂತೆ ಸೆಟೆದುಕೊಳ್ಳುತ್ತಿತ್ತು. ಆಗ ನಾನು ಬಾಯಿ ಹಾಕಿದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸೂಜಿ ಕೆಲಸ ಕಲಿಸುತ್ತಿದ್ದ ಸಿಸ್ಟರ್ ಪ್ರತಿ ಮೇ ತಿಂಗಳು ಚಾಪೆಲ್ಲಿನ ಆಲ್ಟರ್‌ಗೆ ನಮ್ಮ ಕೈಯಲ್ಲಿ ಕಾಗದದ ಹೂವು ಮಾಡಿಸುತ್ತಿದ್ದರು. ಅವರ ಅಂಟು ಬೇರೆ. ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಗಂಜಿಯಂತೆ ಕಾಸಿ, ಜಿರಲೆ ಇಲಿ ತಿನ್ನದಿರಲೆಂದು ಸ್ವಲ್ಪ ಮೈಲುತುತ್ತ ಹಾಕುವುದು. ಮೈಲುತುತ್ತ ಎಂದರೆ ಆ ನೀಲಿ ಹರಳು, ಕಾಪರ್ ಸಲ್ಫೇಟ್. ಹೊಟ್ಟೆಗೆ ಹೋದರೆ ವಿಷ. ಸಿಸ್ಟರ್ ಅದನ್ನು ಬೀಗ ಹಾಕಿದ ಕಪಾಟಿನಲ್ಲಿ ಇಡುತ್ತಿದ್ದರು.

“ನಾನು ಮನೆಯಿಂದ ಮಾಡಿ ತರ್ತೀನಿ, ಲೀವ್ ಇಟ್ ಟು ಮಿ” ಎಂದೆ. ಮೈದಾ ಎಂದು ಎಲ್ಲರಿಗೂ ಹೇಳಿದೆ. ಮೈಲುತುತ್ತದ ವಿಷಯ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ. ಅದು ನನ್ನ ಸೀಕ್ರೆಟ್ ರೆಸಿಪಿ ಎಂಬ ಜಂಬ, ಅಷ್ಟೇ.

ಇನ್ನು ಖುರ್ಷೀದ್ ಆಪಾ ವಿಷಯ. ಆಪಾ ಎಂದರೆ ಅಕ್ಕ, ನನಗಿಂತ ಮೂರು ವರ್ಷ ದೊಡ್ಡವರು. ಗಂಗಾನಗರದಲ್ಲಿ ಮಗಳು ಶಾಹೀನ್ ಮನೆಯಲ್ಲಿ ಇದ್ದರು, ಆಟೋದಲ್ಲಿ ಕ್ಲಾಸಿಗೆ ಬರುತ್ತಿದ್ದರು. ಮನೆಯಲ್ಲಿ ದಖ್ಖನಿ, ನಮ್ಮ ಜೊತೆ ಕನ್ನಡ. ಮದುವೆ ಶೇರವಾನಿಗಳಿಗೆ ಜರಿ ಕೆಲಸ ಮಾಡಿದ ಕೈ. ನಾವೆಲ್ಲ ಒಂದು ಹೂವು ಮಾಡುವಷ್ಟರಲ್ಲಿ ಅವರು ಮೂರು ಮಾಡುತ್ತಿದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು. “ಎಸಳು ಕಣ್ಣಿಗೆ ಕಾಣಲ್ಲ ಜೀ, ಬೆರಳಿಗೆ ಕಾಣುತ್ತೆ” ಎನ್ನುತ್ತಿದ್ದರು.

ಎಗ್ಸಿಬಿಷನ್ ಹತ್ತಿರ ಬಂದದ್ದರಿಂದ ಆ ವಾರ ದಿನವೂ ಕ್ಲಾಸ್, ಅದೂ ಏಳು ಗಂಟೆಯವರೆಗೆ. ಆಪಾ ರೋಜಾ ಇದ್ದರು. ಬೇಡ ಎಂದರೂ ಬಿಡುತ್ತಿರಲಿಲ್ಲ. ಉಪವಾಸ ಬಿಡುವ ಹೊತ್ತಿಗೆ ಅವರು ಒಂದು ಖರ್ಜೂರ ತಿಂದು ನೀರು ಕುಡಿದು ಸುಮ್ಮನೆ ಕೂರುವುದನ್ನು ಸೋಮವಾರ ನೋಡಿದೆ. ಮಂಗಳವಾರದಿಂದ ಅಕ್ಕಿ, ಹೆಸರುಬೇಳೆ, ಶುಂಠಿ ಹಾಕಿ ತೆಳ್ಳಗೆ ಗಂಜಿ ಮಾಡಿ ಒಯ್ಯತೊಡಗಿದೆ. ಅವರ ಹಲ್ಲಿಗೂ ಅದೇ ಸರಿ. ಮೂರು ದಿನವೂ ಡಬ್ಬಿ ಖಾಲಿ ಮಾಡಿ, ತೊಳೆದು ಕೊಟ್ಟರು.

ಶುಕ್ರವಾರ ಮಧ್ಯಾಹ್ನ ಒಲೆಯ ಮೇಲೆ ಒಂದು ಕಡೆ ಗಂಜಿ, ಇನ್ನೊಂದು ಕಡೆ ಅಂಟು. ಹಳೆಯ ಮೈಲುತುತ್ತ ಮುಗಿದಿತ್ತು. ಬೆಳಿಗ್ಗೆ ಗ್ರಂಧಿಗೆ ಅಂಗಡಿಯಿಂದ ಐವತ್ತು ಗ್ರಾಂ ಪೊಟ್ಟಣ ತಂದಿದ್ದೆ. ಅಂಟು ಕದಡುತ್ತಿರುವಾಗ ಫೋನ್ ಬಂತು, ಮಾತಾಡಿ ಬಂದೆ. ಎರಡನ್ನೂ ಒಂದೇ ಸೆಟ್ಟಿನ ಎರಡು ಸ್ಟೀಲ್ ಡಬ್ಬಿಗಳಿಗೆ ಹಾಕಿದೆ. ವಿಮಲಾ ಹಾಲ್‌ನಿಂದಲೇ ಕೂಗಿದಳು, “ಅಕ್ಕಾ, ಅಂಟನ್ನ ಆ ಹಳೇ ಪ್ಲಾಸ್ಟಿಕ್ ಡಬ್ಬಿಗೆ ಹಾಕೇ. ಎರಡೂ ಒಂದೇ ಥರ ಕಾಣುತ್ತೆ.”

“ನನಗೇನು ಕಣ್ಣಿಲ್ವೇನೇ?” ಎಂದೆ. ಎರಡನ್ನೂ ಒಂದೇ ಬ್ಯಾಗಿಗೆ ಹಾಕಿ ಹೊರಟೆ.

ಅಂದು ಸಂಜೆ ಕ್ಲಾಸಿನ ಹಾಲ್‌ನಲ್ಲಿ ಎಲ್ಲರಿಗೂ ಅವಸರ. ಕೊಂಬೆಯ ಅರ್ಧ ಇನ್ನೂ ಬೋಳು. ಆರೂವರೆ ದಾಟಿದಾಗ ದೂರದಿಂದ ಆಜಾನ್ ಕೇಳಿತು. ಆಪಾ ಹೂವಿನ ತಟ್ಟೆ ಪಕ್ಕಕ್ಕಿಟ್ಟು ಖರ್ಜೂರ ತಿಂದರು. ನಾನು ಬ್ಯಾಗಿನಿಂದ ಎರಡೂ ಡಬ್ಬಿ ತೆಗೆದು ಟೇಬಲ್ಲಿನ ಮೇಲೆ ಇಟ್ಟಿದ್ದೆ. ಕತ್ತರಿಯಿಂದ ಕಣ್ಣು ತೆಗೆಯದೆ, ಎಡಗೈಯಿಂದ ಒಂದನ್ನು ಹಿಂದೆ ಕೂತಿದ್ದ ಅವರ ಕಡೆ ಚಾಚಿ, “ಆಪಾ, ಇದು ನಿಮ್ಮದು, ಬಿಸಿಯಾಗಿದೆ, ತಗೊಳ್ಳಿ” ಎಂದೆ. ಇನ್ನೊಂದನ್ನು ಮೇಷ್ಟ್ರ ಮುಂದೆ ಇಟ್ಟೆ. ಅವರು ಕೊಂಬೆಗೆ ಹೂವು ಅಂಟಿಸುತ್ತಿದ್ದರು.

ಆಗಲೇ ಆ ಚಮಚದ ಸದ್ದು.

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಬ್ರಶ್ ಎತ್ತಿ ಲೈಟಿಗೆ ಹಿಡಿದರು. “ಏನ್ ಪ್ರೇಮಮ್ಮ, ನಿಮ್ಮ ಕಾನ್ವೆಂಟ್ ಗಮ್ ಅಂಟ್ತಾನೇ ಇಲ್ಲ. ಹೂವೆಲ್ಲ ಜಾರಿ ಬೀಳ್ತಿವೆ. ಅಲ್ರೀ, ಇದರಲ್ಲಿ ಹೆಸರುಬೇಳೆ ಬೇರೆ ಇದೆಯಲ್ಲ?”

ನನ್ನ ಕತ್ತರಿ ನಿಂತಿತು. ತಿರುಗಿ ನೋಡಿದೆ. ಆಪಾ ಚಮಚ ಕೆಳಗಿಟ್ಟು, ದುಪಟ್ಟಾದ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಡಬ್ಬಿಯಲ್ಲಿ ಕಾಲು ಭಾಗ ಕಡಿಮೆಯಾಗಿತ್ತು.

“ಆಪಾ, ಅದು ಅಂಟು” ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. “ಮೈದಾ ತಾನೇ ಬಿಡಿ, ಏನಾಗಲ್ಲ” ಎಂದಳು ನಂದಿನಿ. “ಆಪಾ, ಇನ್ಮೇಲೆ ನೀವು ಬಾಯಿ ತೆಗೆಯೋಕಾಗಲ್ಲ, ಅಂಟ್ಕೊಂಡ್ಬಿಡುತ್ತೆ” ಎಂದರು ಮೇಷ್ಟ್ರು. ಆಪಾ ಕೂಡ ನಕ್ಕರು. ನಾನೂ ನಕ್ಕೆ. ಹೌದು, ನಕ್ಕೆ.

ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಹಾಕಿದ್ದು ಸ್ವಲ್ಪವೇ ಅಲ್ಲವೇ, ಕಾಲು ಚಮಚ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಬೇರೆ ಇತ್ತು. ಆ ವರ್ಷ ನನಗೆ ಮರೆವು ಶುರುವಾಗಿತ್ತು. ಹಾಲು ಉಕ್ಕಿಸಿದ್ದೆ, ಗ್ಯಾಸ್ ಆರಿಸುವುದು ಎರಡು ಸಲ ಮರೆತಿದ್ದೆ. ವಿಮಲಾ ಡಾಕ್ಟರ್ ಹತ್ತಿರ ಹೋಗೋಣ ಎಂದು ದಿನವೂ ಪೀಡಿಸುತ್ತಿದ್ದಳು. ಈಗ ವಿಷ ತಿನ್ನಿಸಿದೆ ಎಂದು ಗೊತ್ತಾದರೆ ನನ್ನನ್ನು ಒಲೆಯ ಹತ್ತಿರ ಯಾರು ಬಿಡುತ್ತಾರೆ, ಈ ಕ್ಲಾಸಿಗೆ ಯಾರು ಸೇರಿಸುತ್ತಾರೆ? ಆಪಾ ಮುಖ ನೋಡುತ್ತಾ ನಾನು ಯೋಚಿಸಿದ್ದು ಇದನ್ನು.

ಸ್ವಲ್ಪ ಹೊತ್ತಿಗೆ ಆಪಾ ಹೊಟ್ಟೆ ಹಿಡಿದುಕೊಂಡರು. ಬಾತ್‌ರೂಮಿಗೆ ಹೋಗುವಷ್ಟರಲ್ಲಿ ವಾಂತಿ. ಇನ್ನೊಂದು ಸಲ, ಮತ್ತೊಂದು ಸಲ. ಹಣೆಯ ಮೇಲೆ ಬೆವರು, ತುಟಿ ಬಿಳಿಚಿಕೊಂಡಿತು. ನಂದಿನಿ ಹೆದರಿ ಆಟೋ ಹಿಡಿದಳು. ನಡುವೆ ಆಪಾ, ಆ ಕಡೆ ನಂದಿನಿ, ಈ ಕಡೆ ನಾನು. ನಂದಿನಿ ಫೋನಿನಲ್ಲಿ ಶಾಹೀನ್‌ಗೆ ಹೇಳುತ್ತಿದ್ದಳು, “ಏನಿಲ್ಲ ಅಕ್ಕಾ, ಖಾಲಿ ಹೊಟ್ಟೆ ಅಲ್ವಾ, ಗ್ಯಾಸ್ಟ್ರಿಕ್ ಇರ್ಬೇಕು. ಹತ್ತಿರದ ನರ್ಸಿಂಗ್ ಹೋಮಿಗೆ ಕರ್ಕೊಂಡ್ ಹೋಗ್ತಿದೀನಿ, ನೀವು ಅಲ್ಲಿಗೇ ಬನ್ನಿ.”

ನಡೆದು ಹೋದರೂ ಆಗುವ ದೂರಕ್ಕೆ ಅಂದಿನ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ಹಿಡಿಯಿತು. ಆಪಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. “ಯಾ ಅಲ್ಲಾ, ಯಾ ಅಲ್ಲಾ” ಎಂದು ಸಣ್ಣಗೆ ನರಳುತ್ತಿದ್ದರು. ಆ ಹತ್ತು ನಿಮಿಷವೂ ನಾನು ಸುಮ್ಮನಿದ್ದೆ. ಪ್ರತಿ ಹಂಪ್ ಬಂದಾಗಲೂ, ಇದು ದಾಟಲಿ ಹೇಳುತ್ತೇನೆ ಎಂದುಕೊಂಡೆ.

ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗಿ. ನಾಡಿ ನೋಡಿದಳು, ಬಿ.ಪಿ. ನೋಡಿದಳು. “ಉಪವಾಸ ಇದ್ರಾ? ಅಸಿಡಿಟಿ, ಡಿಹೈಡ್ರೇಶನ್. ಒಂದು ಇಂಜೆಕ್ಷನ್ ಕೊಟ್ಟು ಡ್ರಿಪ್ ಹಾಕ್ತೀವಿ. ಒಂದು ಗಂಟೆ ಬಿಟ್ಟು ಮನೆಗೆ ಕರ್ಕೊಂಡ್ ಹೋಗಿ” ಎಂದಳು. ನನ್ನೊಳಗಿನ ಹೇಡಿ ನಿಟ್ಟುಸಿರು ಬಿಟ್ಟಿತು. ಮನೆಗೆ ಕಳಿಸುತ್ತಾರಂತೆ, ಎಲ್ಲ ಮುಗಿಯಿತು.

ಅಷ್ಟರಲ್ಲಿ ಆಪಾಗೆ ಮತ್ತೆ ವಾಂತಿ ಬಂತು. ಆಯಾ ಹಿಡಿದ ಬಿಳಿ ಟ್ರೇಯಲ್ಲಿ ಬಿದ್ದದ್ದನ್ನು ನಾನು ನೋಡಿದೆ. ಅದು ಹಸಿರು ನೀಲಿ ಬಣ್ಣಕ್ಕಿತ್ತು.

“ಡಾಕ್ಟರ್” ಎಂದೆ. ಅವಳು ಆಗಲೇ ಪರದೆ ಸರಿಸಿ ಹೊರಟಿದ್ದಳು. ಅವಳ ಕೋಟಿನ ತೋಳು ಹಿಡಿದು ಎಳೆದೆ. “ಡಾಕ್ಟರ್, ಪ್ಲೀಸ್ ಸ್ಟಾಪ್. ಅದು ಅಸಿಡಿಟಿ ಅಲ್ಲ. ಕಾಪರ್ ಸಲ್ಫೇಟ್. ಅಂಟಿನಲ್ಲಿ ಇತ್ತು. ನಾನೇ ಹಾಕಿದ್ದು, ನಾನೇ ತಿನ್ನಿಸಿದ್ದು.”

ನಂದಿನಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು.

ಡಾಕ್ಟರ್ ಮುಖ ಬದಲಾಯಿತು. ನರ್ಸ್‌ಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು, ಬೆಡ್ ಒಳಗಿನ ರೂಮಿಗೆ ಹೋಯಿತು. ನನ್ನ ಕಡೆ ತಿರುಗಿದಳು. “ಎಷ್ಟು ಹಾಕಿದ್ರಿ ಅಜ್ಜಿ?”

“ಕಾಲು ಚಮಚ.”

“ಶೂರಾ? ಸ್ವಲ್ಪ ಆದ್ರೆ ಇಲ್ಲೇ ನೋಡ್ಕೋಬಹುದು. ಜಾಸ್ತಿ ಆದ್ರೆ ಕಿಡ್ನಿಗೆ ಹೊಡೆಯುತ್ತೆ, ಈಗಲೇ ದೊಡ್ಡ ಆಸ್ಪತ್ರೆಗೆ ಕಳಿಸ್ಬೇಕು. ಈ ಕಂಡೀಷನ್ನಲ್ಲಿ ಅವರನ್ನ ಟ್ರಾಫಿಕ್ಕಲ್ಲಿ ಕಳಿಸೋದೂ ರಿಸ್ಕೇ. ಕರೆಕ್ಟಾಗಿ ನೆನಪು ಮಾಡ್ಕೊಂಡು ಹೇಳಿ.”

ನೆನಪು ಮಾಡಿಕೊಂಡೆ. ಪೊಟ್ಟಣ ಬಿಚ್ಚಿದ್ದು ನೆನಪಿತ್ತು. ಚಮಚ ನೆನಪಿತ್ತು. ಫೋನ್ ಬಂದದ್ದು ನೆನಪಿತ್ತು. ಹಾಕಿದ್ದು ಫೋನಿಗೆ ಮೊದಲೋ, ಆಮೇಲೋ? ಮೊದಲೂ ಹಾಕಿ ಆಮೇಲೂ ಹಾಕಿದೆನೋ? ಆ ಚಮಚ ಪಾತ್ರೆಯ ಮೇಲೆ ಬಾಗುವುದು ಕಣ್ಣಿಗೆ ಕಾಣುತ್ತಿತ್ತು, ಎಷ್ಟು ಸಲ ಬಾಗಿತೆಂದು ಕಾಣುತ್ತಿರಲಿಲ್ಲ. ಎಷ್ಟು ಹಿಂಡಿದರೂ ತಲೆಯೊಳಗೆ ಬರೀ ಬಿಳಿ.

“ಗೊತ್ತಿಲ್ಲ. ಐ ಡೋಂಟ್ ರಿಮೆಂಬರ್” ಎಂದೆ. ಎಪ್ಪತ್ತಾರು ವರ್ಷದಲ್ಲಿ ಅಷ್ಟು ಕಷ್ಟಪಟ್ಟು ಬೇರೆ ಯಾವ ಮಾತನ್ನೂ ಹೇಳಿಲ್ಲ.

ಆಗ ಪೊಟ್ಟಣದ ಯೋಚನೆ ಬಂತು. ಬೆಳಿಗ್ಗೆಯಷ್ಟೇ ತಂದದ್ದು, ಐವತ್ತು ಗ್ರಾಂ, ಮೊದಲ ಸಲ ಬಿಚ್ಚಿದ್ದು. ವಿಮಲಾಗೆ ಫೋನ್ ಮಾಡಿದೆ.

“ಏನೇ, ಇಷ್ಟು ಹೊತ್ತಾದ್ರೂ...”

“ಸುಮ್ನೆ ಕೇಳು. ಅಡುಗೆಮನೇಲಿ ಮೈಲುತುತ್ತದ ಪೊಟ್ಟಣ ಇದೆ. ತಗೊಂಡು ಕೆಳಗೆ ಶೆಟ್ಟರ ಅಂಗಡಿಗೆ ಓಡು. ತೂಕ ಹಾಕ್ಸಿ ಹೇಳು.”

“ತೂಕಾನಾ? ಯಾಕೆ? ನಾನು ನೈಟಿಲಿದೀನಿ.”

“ನೈಟಿಲೇ ಹೋಗು ವಿಮಲಾ! ಆಪಾ ಅದನ್ನ ತಿಂದಿದಾರೆ.”

ಅವಳು ಇನ್ನೊಂದು ಮಾತು ಕೇಳಲಿಲ್ಲ. ಫೋನ್ ಕಟ್ ಮಾಡಲೂ ಇಲ್ಲ. ಡಬ್ಬಗಳನ್ನು ಎಳೆದು ಹಾಕುವ ಸದ್ದು ಕೇಳಿಸಿತು. “ಇಲ್ಲಿಲ್ಲ ಕಣೇ. ಸ್ಟವ್ ಹತ್ರ ಇಲ್ಲ. ಶೆಲ್ಫಲ್ಲೂ ಇಲ್ಲ.” ಇಡೀ ಪೊಟ್ಟಣವನ್ನೇ ಸುರಿದೆನೇ? ಡಾಕ್ಟರ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆಂಬುಲೆನ್ಸ್‌ಗೆ ಹೇಳಿಬಿಡಲೇ ಎಂದು ಕೈಸನ್ನೆಯಲ್ಲೇ ಕೇಳಿದಳು. ನಾನು ಎರಡು ಬೆರಳೆತ್ತಿ ಎರಡು ನಿಮಿಷ ಎಂದೆ.

“ಸಿಕ್ತು! ಸಕ್ಕರೆ ಡಬ್ಬದ ಹಿಂದೆ ಇತ್ತು” ಎಂದಳು ವಿಮಲಾ. ಆಮೇಲೆ ಮೆಟ್ಟಿಲ ಮೇಲೆ ಅವಳ ಚಪ್ಪಲಿ, ಏದುಸಿರು, ರಸ್ತೆಯ ಹಾರ್ನ್. “ಶೆಟ್ರೇ, ಮೊದಲು ಇದನ್ನ ತೂಕ ಹಾಕಿ. ಅಯ್ಯೋ ಅವರಿಗೆ ಆಮೇಲೆ ಕೊಡಿ, ಇಲ್ಲಿ ಜೀವ ಹೋಗ್ತಿದೆ!”

ಎಷ್ಟು ಹೊತ್ತು ಕಾದೆನೋ. ಕೊನೆಗೆ ಅವಳ ದನಿ, “ಅಕ್ಕಾ, ನಲವತ್ತೇಳೂವರೆ. ಪೇಪರೆಲ್ಲ ಸೇರಿ.”

ಡಾಕ್ಟರ್ ಕೂಡಲೇ ಲೆಕ್ಕ ಹಾಕಿದಳು. ಇಡೀ ಡಬ್ಬಿಗೆ ಬಿದ್ದದ್ದು ಹೆಚ್ಚೆಂದರೆ ಮೂರು ಗ್ರಾಂ, ತಿಂದದ್ದು ಅದರಲ್ಲಿ ಕಾಲು ಭಾಗ, ಅದರಲ್ಲೂ ಬಹಳಷ್ಟು ವಾಂತಿಯಲ್ಲಿ ಹೋಗಿದೆ. “ಇಲ್ಲೇ ಇರ್ಲಿ. ಎರಡು ದಿನ ನೋಡೋಣ” ಎಂದಳು. ನನಗೆ ನನ್ನದೇ ಲೆಕ್ಕವೂ ಸಿಕ್ಕಿತು. ಕಾಲು ಚಮಚಕ್ಕೆ ಅಷ್ಟು ಇಳಿಯುವುದಿಲ್ಲ. ನಾನು ಎರಡು ಸಲ ಹಾಕಿದ್ದೆ.

ಶಾಹೀನ್ ಬ್ಯಾಂಕಿನಿಂದ ನೇರ ಓಡಿ ಬಂದಳು. ಅವಳಿಗೆ ನಾನೇ ಹೇಳಿದೆ, ಒಂದೂ ಬಿಡದೆ. ಅವಳು ಕೂಗಾಡಲಿಲ್ಲ. “ಆಂಟಿ, ಇನ್ಮೇಲೆ ಅಮ್ಮೀಗೆ ತಿನ್ನೋಕೆ ಏನೂ ಕೊಡ್ಬೇಡಿ, ಪ್ಲೀಸ್” ಎಂದಳು. ಆ ಪ್ಲೀಸ್ ನನ್ನನ್ನು ಹೊಡೆದ ಹಾಗಾಯಿತು.

ಮರುದಿನ ನನ್ನನ್ನು ಐದು ನಿಮಿಷ ಒಳಗೆ ಬಿಟ್ಟರು. ಆಪಾ ಗಂಟಲು ಉರಿಯಿಂದ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. “ಬಾಯಿಗೆ ಇಟ್ಟ ಕೂಡ್ಲೇ ಗೊತ್ತಾಗ್ಲಿಲ್ವಾ ಆಪಾ?” ಎಂದು ಕೇಳಿದೆ.

“ಬಣ್ಣ ಈ ಕಣ್ಣಿಗೆ ಕಾಣ್ಲಿಲ್ಲ, ರುಚಿ ಗೊತ್ತಾಯ್ತು ಜೀ. ತಾಮ್ರದ ಚೊಂಬು ನೆಕ್ಕಿದಂಗಿತ್ತು. ದಿನಾ ಅಷ್ಟು ಚೆನ್ನಾಗಿ ಮಾಡ್ತಾರೆ, ಇವತ್ತು ಕೆಟ್ಟಿದೆ, ಹೇಳಿದ್ರೆ ಪಾಪ ಬೇಜಾರಾಗ್ತಾರೆ ಅಂತ ನಾಲ್ಕು ಚಮಚ ನುಂಗ್ಬಿಟ್ಟೆ.”

ನಾನು ಆಟೋದ ವಿಷಯವನ್ನೂ ಹೇಳಿದೆ. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ನೀವು ನನ್ನ ಕೈ ಹಿಡಿದಿದ್ದಿರಿ, ಆಗಲೂ ಬಿಡಲಿಲ್ಲ ಎಂದೆ. ಅವರು ಮುಖ ಆ ಕಡೆ ತಿರುಗಿಸಿಕೊಂಡರು. ಕೋಪ ಬಂದಿತ್ತು ಎಂದೇ ನನ್ನ ನಂಬಿಕೆ, ಬಂದಿದ್ದರೆ ಅದು ನ್ಯಾಯವೇ. ಆಮೇಲೆ ಹೇಳಿದರು, “ನಾನೂ ಬಾಯಿ ಬಿಡ್ಲಿಲ್ಲ, ನೀವೂ ಬಿಡ್ಲಿಲ್ಲ. ನಿಮ್ಮ ಕಾನ್ವೆಂಟು, ನಮ್ಮ ಉರ್ದು ಸ್ಕೂಲು, ಎರಡರಲ್ಲೂ ಮರ್ಯಾದೆ ಜಾಸ್ತಿ ಕಲಿಸ್ಬಿಟ್ರು ಪ್ರೇಮಮ್ಮ.”

ಭಾನುವಾರ ಎಗ್ಸಿಬಿಷನ್ ನಡೆಯಿತಂತೆ. ಜನ ಆ ಮರದ ಕೆಳಗೆ ಸಾಲುಗಟ್ಟಿ ನಿಂತು ಫೋಟೋ ತೆಗೆಸಿಕೊಂಡರಂತೆ. ನಾನು ಹೋಗಲಿಲ್ಲ. ಮುಂದಿನ ವಾರ ವಿಮಲಾ ಜೊತೆ ಮರೆವಿನ ಡಾಕ್ಟರ್ ಹತ್ತಿರ ಹೋದೆ, ಜಗಳ ಮಾಡದೆ. ಈಗ ಮಾತ್ರೆ ನಡೆಯುತ್ತಿದೆ. ಯಾರಿಗಾದರೂ ಏನಾದರೂ ಕೊಟ್ಟರೆ ಎದುರಿಗೇ ಕೂರುತ್ತೇನೆ, ಚೆನ್ನಾಗಿಲ್ಲದಿದ್ದರೆ ಉಗುಳಿಬಿಡಿ ಎನ್ನುತ್ತೇನೆ. ಜನ ತಮಾಷೆ ಎಂದುಕೊಳ್ಳುತ್ತಾರೆ.

ಆಪಾ ಈಗಿಲ್ಲ. ಅದೇ ವರ್ಷ ಜುಲೈನಲ್ಲಿ, ಟಿ. ದಾಸರಹಳ್ಳಿಯ ಮಗನ ಮನೆಯಲ್ಲಿ, ನಿದ್ದೆಯಲ್ಲೇ ಹೋದರು. ಫೋನ್ ಮಾಡಿದವಳು ಶಾಹೀನ್. “ಹಾರ್ಟ್, ಆಂಟಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಡಾಕ್ಟರ್ನ ಕೇಳ್ದೆ” ಎಂದಳು. ನಾನು ಕೇಳಿರಲಿಲ್ಲ. ನಾನು ಕೇಳಲಾರೆನೆಂದು ಅವಳಿಗೆ ಗೊತ್ತಿತ್ತು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ನರ್ಸಿಂಗ್ ಹೋಮಿನಿಂದ ಕಳಿಸಿದ ಸೋಮವಾರ. ಅವರ ಮಗ ಕಾರು ತಂದಿದ್ದ, ದಾಸರಹಳ್ಳಿಗೆ ಕರೆದುಕೊಂಡು ಹೋಗಲು. ನಾನು ಫುಟ್‌ಪಾತಿನ ಮೇಲೆ ನಿಂತು ಕೈ ಬೀಸಿದೆ, ಅವರು ಕಿಟಕಿಯಿಂದ ಕೈ ಬೀಸಿದರು. ಕಾರು ಇಪ್ಪತ್ತು ಅಡಿ ಹೋಗಿ ಸಿಗ್ನಲ್ಲಿಗೆ ನಿಂತುಬಿಟ್ಟಿತು. ನಾವಿಬ್ಬರೂ ಮತ್ತೆ ಕೈ ಬೀಸಿದೆವು. ಸಿಗ್ನಲ್ ಬಿಡಲಿಲ್ಲ. ಮೂರನೆಯ ಸಲ ಬೀಸುವಾಗ ಇಬ್ಬರಿಗೂ ನಾಚಿಕೆಯಾಗಿ ನಗು ಬಂತು, ಕೈ ಇಳಿಸಿದೆವು. ಮನೆಗೆ ಹೋಗಿ ಎಂದು ಅವರು ತಲೆಯಾಡಿಸಿದರು. ನಾನು ಹೋಗಲಿಲ್ಲ. ಆಮೇಲೆ ನಗುವೂ ನಿಂತಿತು. ಅವರು ಪೊರೆ ಬಂದ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದರು, ನಾನು ಅವರನ್ನೇ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ, ಕಾರು ಮುಂದೆ ಹೋಯಿತು.